‘ಬ್ಯಾಂಗ್!’ ಆಟದ ಜಮೆ-ಖರ್ಚು



ಕಳೆದ ತಿಂಗಳು ನಮ್ಮ ಬಿಸಿನೆಸ್ ಸ್ಟಡೀಸ್ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟರು. ಮನೆಯಲ್ಲಿರುವ ಯಾವುದಾದರೂ ಒಂದು ವಸ್ತುವಿನ ಬಲ ಮತ್ತು ಕೊರತೆಗಳನ್ನು ಬರೆಯಬೇಕು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದಷ್ಟೇ ಬರೆದರೆ ಅಂಕವಿಲ್ಲ, ಪ್ರತಿ ಮಾತಿಗೂ ಕಾರಣ ಬೇಕು. ಗೆಳತಿಯರು ಕುಕ್ಕರ್, ಮಿಕ್ಸಿ, ಹೊಲಿಗೆ ಯಂತ್ರಗಳನ್ನು ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಒಂದು ಕಾರ್ಡ್ ಆಟವನ್ನು. ಅದರ ಹೆಸರು ‘ಬ್ಯಾಂಗ್!’. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ದೊಡ್ಡ ಭಾಯಿಜಾನ್ ಈದ್ ರಜೆಗೆ ಬಂದಾಗ ತಂದಿದ್ದರು. ಆ ಅಸೈನ್‌ಮೆಂಟನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಮನೆಯಲ್ಲಿ ಎದ್ದ ಪ್ರಶ್ನೆ

ಡಬ್ಬಿ ತೆರೆದ ಕೂಡಲೇ ಅಬ್ಬಾ ಒಂದು ಕಾರ್ಡ್ ಎತ್ತಿ ನೋಡಿದರು. ಕೆಳಗಿನ ಮೂಲೆಯಲ್ಲಿ ಇಸ್ಪೀಟು, ಆಟೀನುಗಳ ಗುರುತಿತ್ತು. “ಇದು ಜೂಜಿನ ಎಲೆ ಅಲ್ಲವಾ? ನಮ್ಮ ಮನೆಯಲ್ಲಿ ಬೇಡ” ಎಂದರು. ಭಾಯಿಜಾನ್ ವಿವರಿಸಿದರು: ಈ ಆಟದಲ್ಲಿ ಹಣ ಕಟ್ಟುವುದಿಲ್ಲ, ಮೂಲೆಯ ಗುರುತು ಅದೃಷ್ಟ ನೋಡುವುದಕ್ಕೆ ಮಾತ್ರ. ಅಬ್ಬಾ ಒಂದು ಆಟ ಪೂರ್ತಿ ಪಕ್ಕದಲ್ಲೇ ಕುಳಿತು ನೋಡಿದರು. ಆಮೇಲೆ, “ದುಡ್ಡಿನ ಮಾತು ಬಂದ ದಿನ ಡಬ್ಬಿ ಹೊರಗೆ. ನಮಾಜಿನ ಹೊತ್ತಿಗೆ ಆಟ ನಿಲ್ಲಬೇಕು” ಎಂದು ಎರಡು ಷರತ್ತು ಹಾಕಿ ಒಪ್ಪಿದರು. ಪಂದ್ಯಕ್ಕೆ ಚಾಕಲೇಟನ್ನೂ ಇಡಬಾರದು ಎಂದು ನಾವೇ ಮೂರನೆಯ ಷರತ್ತು ಸೇರಿಸಿಕೊಂಡೆವು.

ಆಟ ಎಂಥದ್ದು?

ಆಟದ ಕಥೆ ಅಮೆರಿಕದ ಪಶ್ಚಿಮ ಭಾಗದ್ದು. ಕುದುರೆ, ಬಂದೂಕು, ಸಲೂನು, ಡಕಾಯಿತರು, ಅವರನ್ನು ಹಿಡಿಯುವ ಶೆರಿಫ್, ಹೀಗೆ ಹಳೆಯ ಕೌಬಾಯ್ ಸಿನಿಮಾಗಳ ಲೋಕ. ಆದರೆ ಆಟ ಹುಟ್ಟಿದ್ದು ಇಟಲಿಯಲ್ಲಿ. ಎಮಿಲಿಯಾನೋ ಶಾರ್ರಾ ಎಂಬವರು ರೂಪಿಸಿದ ಇದು 2002ರಲ್ಲಿ ಪ್ರಕಟವಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಸೆರ್ಜಿಯೋ ಲಿಯೋನೆಯಂಥ ಇಟಲಿಯ ನಿರ್ದೇಶಕರು 1960ರ ದಶಕದಲ್ಲಿ ಮಾಡಿದ ಕೌಬಾಯ್ ಚಿತ್ರಗಳು ಜಗತ್ತಿನ ತುಂಬ ಓಡಿದ್ದವು.

ನಾಲ್ಕರಿಂದ ಏಳು ಜನ ಆಡಬಹುದು. ಏಳು ಜನರಿದ್ದರೆ ಒಬ್ಬರು ಶೆರಿಫ್, ಇಬ್ಬರು ಡೆಪ್ಯುಟಿಗಳು, ಮೂವರು ಡಕಾಯಿತರು, ಒಬ್ಬರು ರೆನೆಗೇಡ್, ಅಂದರೆ ಯಾವ ಪಕ್ಷಕ್ಕೂ ಸೇರದವರು. ಶೆರಿಫ್ ಯಾರೆಂದು ಮಾತ್ರ ಎಲ್ಲರಿಗೂ ಗೊತ್ತು. ಉಳಿದವರ ಪಾತ್ರದ ಕಾರ್ಡ್ ಮುಚ್ಚಿರುತ್ತದೆ. ಡಕಾಯಿತರಿಗೆ ಶೆರಿಫ್‌ನನ್ನು ಮುಗಿಸಬೇಕು, ಡೆಪ್ಯುಟಿಗಳಿಗೆ ಕಾಪಾಡಬೇಕು. ರೆನೆಗೇಡ್‌ಗೆ ಮೊದಲು ಉಳಿದವರೆಲ್ಲ ಹೋಗಬೇಕು, ಕೊನೆಗೆ ಶೆರಿಫ್ ಹೋಗಬೇಕು.

ಪ್ರತಿಯೊಬ್ಬರಿಗೂ ಒಂದು ವ್ಯಕ್ತಿಯ ಕಾರ್ಡ್ ಸಿಗುತ್ತದೆ. ಅದರಲ್ಲಿ ಮೂರು ಅಥವಾ ನಾಲ್ಕು ಗುಂಡಿನ ಚಿತ್ರ ಇರುತ್ತದೆ. ಅವೇ ಪ್ರಾಣ. ಶೆರಿಫ್‌ಗೆ ಒಂದು ಹೆಚ್ಚು. ಸರದಿ ಬಂದಾಗ ಎರಡು ಕಾರ್ಡ್ ಎತ್ತಬೇಕು, ಬೇಕಾದವನ್ನು ಆಡಬೇಕು, ಕೊನೆಗೆ ಉಳಿದ ಪ್ರಾಣದಷ್ಟು ಕಾರ್ಡ್ ಮಾತ್ರ ಕೈಯಲ್ಲಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಒಂದು ಸರದಿಗೆ ಒಂದೇ ‘ಬ್ಯಾಂಗ್!’ ಹೊಡೆಯಬಹುದು.

ಇನ್ನೊಂದು ಮುಖ್ಯ ನಿಯಮ ದೂರದ್ದು. ಎಲ್ಲರೂ ವೃತ್ತವಾಗಿ ಕೂತಿರುತ್ತಾರೆ. ಪಕ್ಕದವರು ಒಂದು ಅಳತೆ ದೂರ, ಅವರ ಆಚೆಗಿನವರು ಎರಡು. ಏಳು ಜನರಲ್ಲಿ ಅತಿ ದೂರದವರು ಮೂರು. ಆರಂಭದಲ್ಲಿ ಎಲ್ಲರಿಗೂ ಇರುವ ಕೋಲ್ಟ್ ಪಿಸ್ತೂಲಿನ ಗುಂಡು ಒಂದು ಅಳತೆ ಮಾತ್ರ ಹೋಗುತ್ತದೆ. ಸ್ಕೋಫೀಲ್ಡ್ ಸಿಕ್ಕಿದರೆ ಎರಡು, ರೆಮಿಂಗ್ಟನ್ ಮೂರು, ವಿಂಚೆಸ್ಟರ್ ಐದು. ಒಬ್ಬರು ಆಟದಿಂದ ಹೊರಹೋದರೆ ವೃತ್ತ ಚಿಕ್ಕದಾಗುತ್ತದೆ, ದೂರವಿದ್ದವರು ಹತ್ತಿರವಾಗುತ್ತಾರೆ.

ಜಮೆಯ ಕಡೆ

1. ಲೆಕ್ಕ ಸರಿಯಾಗಿದೆ. ಆಡುವ ಕಾರ್ಡುಗಳು ಒಟ್ಟು 80. ಅವನ್ನು ನಾನು ಎಣಿಸಿ ನೋಡಿದೆ. ‘ಬ್ಯಾಂಗ್!’ 25, ತಪ್ಪಿಸಿಕೊಳ್ಳುವ ‘ಮಿಸ್ಡ್!’ 12, ಪ್ರಾಣ ಮರಳಿ ಕೊಡುವ ‘ಬಿಯರ್’ 6. ಅಂದರೆ ಶೇಕಡಾ 31.25 ದಾಳಿ, ಶೇಕಡಾ 15 ರಕ್ಷಣೆ, ಶೇಕಡಾ 7.5 ಔಷಧಿ. ನಾವು ಕಲಿತ ಸಂಭವನೀಯತೆಯ ಸೂತ್ರ ಹಾಕಿದರೆ, ತುಂಬಿದ ಕಟ್ಟಿನಿಂದ ಎತ್ತಿದ ಎರಡು ಕಾರ್ಡಿನಲ್ಲಿ ಒಂದಾದರೂ ‘ಬ್ಯಾಂಗ್!’ ಬರುವ ಸಂಭವ ಸುಮಾರು ಶೇಕಡಾ 53. ನಾಲ್ಕು ಕಾರ್ಡ್ ಹಿಡಿದವರ ಕೈಯಲ್ಲಿ ಒಂದೂ ‘ಮಿಸ್ಡ್!’ ಇಲ್ಲದಿರುವ ಸಂಭವ ಶೇಕಡಾ 51. ದಾಳಿ ರಕ್ಷಣೆಯ ಎರಡು ಪಟ್ಟು ಇರುವುದರಿಂದಲೇ ಆಟ ಎಳೆದಾಡುವುದಿಲ್ಲ.

2. ಭಾಷೆಯ ತೊಡಕು ಕಡಿಮೆ. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಖಾಲಾ ಮಗಳು ಉರ್ದು ಶಾಲೆಯಲ್ಲಿ ಓದುತ್ತಾಳೆ, ವಯಸ್ಸು ಹನ್ನೆರಡು. ನಿಯಮಪುಸ್ತಕದ ಇಂಗ್ಲಿಷ್ ಅವಳಿಗೆ ಕಷ್ಟ. ಆದರೆ ಹೆಚ್ಚಿನ ಕಾರ್ಡುಗಳಲ್ಲಿ ವಾಕ್ಯದ ಬದಲು ಸಂಕೇತಗಳಿವೆ. ಒಂದು ಆಟ ನೋಡಿದ ಮೇಲೆ ಅವಳು ಯಾರನ್ನೂ ಕೇಳದೆ ಆಡಿದಳು. ‘ಮಿಸ್ಡ್!’ ಎನ್ನುವ ಬದಲು “ಬಚ್ ಗಯೀ” ಎನ್ನುತ್ತಿದ್ದಳು, ಅಷ್ಟೆ.

3. ಯೋಚನೆಗೆ ಕೆಲಸವಿದೆ. ಯಾರು ಯಾರ ಮೇಲೆ ಗುಂಡು ಹಾರಿಸಿದರು, ಯಾರು ಸುಮ್ಮನಿದ್ದರು ಎಂಬುದನ್ನು ಗಮನಿಸಿ ಪಾತ್ರ ಊಹಿಸಬೇಕು. ತಪ್ಪಿದರೆ ದಂಡವಿದೆ. ಶೆರಿಫ್ ತನ್ನದೇ ಡೆಪ್ಯುಟಿಯನ್ನು ಕೊಂದರೆ ಕೈಯಲ್ಲಿರುವ, ಮುಂದೆ ಇಟ್ಟಿರುವ ಎಲ್ಲ ಕಾರ್ಡನ್ನೂ ಕಳೆದುಕೊಳ್ಳುತ್ತಾನೆ. ಡಕಾಯಿತನನ್ನು ಯಾರೇ ಕೊಂದರೂ ಮೂರು ಕಾರ್ಡ್ ಬಹುಮಾನ.

4. ಚೌಕಟ್ಟು ಗಟ್ಟಿಯಾಗಿದೆ. ಚೀನಾದಲ್ಲಿ ‘ಸಾನ್‌ಗುವೋ ಶಾ’ ಎಂಬ ಆಟ ಬಂತು. ಅದರಲ್ಲಿ ಶೆರಿಫ್ ಜಾಗದಲ್ಲಿ ರಾಜ, ಡೆಪ್ಯುಟಿ ಜಾಗದಲ್ಲಿ ಮಂತ್ರಿ, ಡಕಾಯಿತರ ಜಾಗದಲ್ಲಿ ಬಂಡುಕೋರರು. ಕಥೆ ಚೀನಾದ ಮೂರು ರಾಜ್ಯಗಳ ಕಾಲದ್ದು. ಇಟಲಿಯ ಪ್ರಕಾಶಕರು ಅಮೆರಿಕದ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. 2016ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಆಟದ ನಿಯಮಗಳಿಗೆ ಕೃತಿಸ್ವಾಮ್ಯವಿಲ್ಲ, ಚಿತ್ರ ಮತ್ತು ಬರಹಕ್ಕಷ್ಟೇ ಇದೆ ಎಂಬುದು ಅದರ ಸಾರ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ವಾಣಿಜ್ಯ ವಿದ್ಯಾರ್ಥಿಗಳು ನೆನಪಿಡಬೇಕಾದ ವಿಷಯ ಇದು. ಕೌಬಾಯ್ ವೇಷ ಕಳಚಿದ ಮೇಲೂ ಈ ಬಗೆಯ ಆಟ ನಿಲ್ಲುತ್ತದೆ ಎಂಬುದಕ್ಕೂ ಇದೇ ಸಾಕ್ಷಿ.

ಖರ್ಚಿನ ಕಡೆ

1. ಅದೃಷ್ಟ ಕೆಲವೊಮ್ಮೆ ಅತಿಯಾಗುತ್ತದೆ. ‘ಡೈನಮೈಟ್’ ಕಾರ್ಡ್ ಒಬ್ಬರಿಂದ ಒಬ್ಬರಿಗೆ ಸುತ್ತುತ್ತದೆ. ತೆಗೆದ ಕಾರ್ಡಿನಲ್ಲಿ ಇಸ್ಪೀಟಿನ 2ರಿಂದ 9 ಬಂದವರಿಗೆ ಒಮ್ಮೆಗೇ ಮೂರು ಪ್ರಾಣ ನಷ್ಟ. ‘ಜೈಲಿ’ಗೆ ಹೋದವರಿಗೆ ಆಟೀನು ಬರದಿದ್ದರೆ ಆ ಸರದಿ ಹೋದಂತೆಯೇ. ಇವುಗಳಲ್ಲಿ ಆಡುವವರ ಜಾಣತನಕ್ಕೆ ಕೆಲಸವಿಲ್ಲ.

2. ಹೆಸರುಗಳ ಸಮಸ್ಯೆ. ‘ಬಿಯರ್’ ಕಾರ್ಡನ್ನು ನಾನಿಯ ಮುಂದೆ ಹೆಸರಿಟ್ಟು ಕರೆಯುವುದು ಸಾಧ್ಯವೇ? ನಾವು ಅದಕ್ಕೆ ಶರಬತ್ತು ಎಂದು ಹೆಸರಿಟ್ಟೆವು. ಆಟ ಒಂದಿಷ್ಟೂ ಬದಲಾಗಲಿಲ್ಲ.

ಇನ್ನೊಂದು ಕಾರ್ಡಿನ ಹೆಸರು ‘ಇಂಡಿಯನ್ಸ್!’. ಅದು ಬಿದ್ದರೆ ಉಳಿದ ಪ್ರತಿಯೊಬ್ಬರೂ ಒಂದು ‘ಬ್ಯಾಂಗ್!’ ಕೊಡಬೇಕು, ಇಲ್ಲದಿದ್ದರೆ ಒಂದು ಪ್ರಾಣ ಹೋಗುತ್ತದೆ. ಖಾಲಾ ಮಗಳು “ಆಪಾ, ಇಂಡಿಯನ್ಸ್ ಅಂದರೆ ನಾವಾ?” ಎಂದು ಕೇಳಿದಳು. ಎಲ್ಲರೂ ನಕ್ಕೆವು. 1492ರಲ್ಲಿ ಕೊಲಂಬಸ್ ತಾನು ಮುಟ್ಟಿದ್ದು ಇಂಡೀಸ್ ಎಂದು ತಪ್ಪು ತಿಳಿದು ಅಲ್ಲಿನ ಮೂಲನಿವಾಸಿಗಳಿಗೆ ಈ ಹೆಸರಿಟ್ಟ ಕಥೆ ಹೇಳಿದೆ. ಆದರೆ ಹೇಳುತ್ತಾ ನನಗೇ ಒಂದು ವಿಷಯ ಹೊಳೆಯಿತು. 1830ರಲ್ಲಿ ಕಾನೂನು ಮಾಡಿ ಅವರನ್ನು ನೆಲದಿಂದ ಎಬ್ಬಿಸಿದರು. ಈ ಆಟದಲ್ಲಿ ಡಕಾಯಿತನಿಗೂ ಒಂದು ಮುಖ, ಒಂದು ಗುರಿ ಇದೆ. ಅವರಿಗೆ ಮಾತ್ರ ಅದಿಲ್ಲ, ಅವರು ಬರೀ ಒಂದು ದಾಳಿ. ಒಂದು ಇಡೀ ಸಮುದಾಯವನ್ನು ಹೀಗೆ ತೋರಿಸಿದರೆ ಹೇಗನಿಸುತ್ತದೆ ಎಂದು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

3. ಹೊರಹೋದವರು ಕಾಯಬೇಕು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಇದು. ಹೊರಹೋದವರ ಪಕ್ಷ ಗೆದ್ದರೆ ಅವರೂ ಗೆದ್ದಂತೆಯೇ, ನಿಜ. ಆದರೆ ಅಲ್ಲಿಯವರೆಗೆ ಅವರಿಗೆ ಕೆಲಸವಿಲ್ಲ. ಪ್ರಕಾಶಕರಿಗೂ ಇದು ಗೊತ್ತಿರಬೇಕು. ‘ಹೈ ನೂನ್’ ಎಂಬ ಹೆಚ್ಚುವರಿ ಕಟ್ಟಿನಲ್ಲಿ, ಸತ್ತವರು ತಮ್ಮ ಒಂದು ಸರದಿಗೆ ದೆವ್ವವಾಗಿ ಮರಳಿ ಬರುವ ಕಾರ್ಡಿದೆ. 2013ರಲ್ಲಿ ಬಂದ ಇದರ ದಾಳದ ಆಟ ಸುಮಾರು 15 ನಿಮಿಷದಲ್ಲಿ ಮುಗಿಯುತ್ತದೆ.

ನಾನು ಮಾಡಿದ ತಪ್ಪು

ಎರಡನೆಯ ಆಟದಲ್ಲಿ ನಾನು ಶೆರಿಫ್. ದಸ್ತರ್‌ಖಾನ್ ಸುತ್ತ ಏಳು ಜನ ಕೂತಿದ್ದೆವು. ಖಾಲಾ ಮಗಳು ನನ್ನ ಎಡಗಡೆ. ಎರಡು ಸುತ್ತು ಮುಗಿದರೂ ಅವಳು ಯಾರ ಮೇಲೂ ಗುಂಡು ಹಾರಿಸಲಿಲ್ಲ, ಮಾತೂ ಆಡಲಿಲ್ಲ. ಉಳಿದವರೆಲ್ಲ “ನಾನು ನಿನ್ನ ಡೆಪ್ಯುಟಿ, ನಂಬು” ಎಂದು ಕೂಗುತ್ತಿದ್ದರು. ಸುಮ್ಮನಿರುವವಳೇ ರೆನೆಗೇಡ್ ಎಂದು ನಾನು ತೀರ್ಮಾನಿಸಿದೆ. ಅವಳಿಗೆ ಒಂದೇ ಪ್ರಾಣ ಉಳಿದಿತ್ತು. ಹೊಡೆದೆ. ಅವಳು ಕಾರ್ಡ್ ತಿರುಗಿಸಿದಳು. ಡೆಪ್ಯುಟಿ!

ನನ್ನ ಎಲ್ಲ ಕಾರ್ಡೂ ಹೋಯಿತು. ಮುಂದಿನ ಸರದಿ ಬರುವ ಮೊದಲೇ ಡಕಾಯಿತರು ನನ್ನನ್ನು ಮುಗಿಸಿದರು. ಕೂಗುತ್ತಿದ್ದವರಲ್ಲಿ ಮೂವರು ಡಕಾಯಿತರೇ ಆಗಿದ್ದರು!

“ನೀನು ಯಾಕೆ ಯಾರನ್ನೂ ಹೊಡೆಯಲಿಲ್ಲ?” ಎಂದು ಕೇಳಿದೆ.

“ನನ್ನ ಹತ್ತಿರ ಕೋಲ್ಟ್ ಮಾತ್ರ ಇತ್ತು ಆಪಾ. ಅದು ಪಕ್ಕದವರಿಗಷ್ಟೇ ಮುಟ್ಟುತ್ತದೆ. ಒಂದು ಪಕ್ಕ ನೀವು, ಇನ್ನೊಂದು ಪಕ್ಕ ಭಾಯಿಜಾನ್. ಅವರು ಯಾರೆಂದು ಗೊತ್ತಿಲ್ಲದೆ ಹೇಗೆ ಹೊಡೆಯಲಿ?”

ಅವಳ ಮುಂದೆ ಬೇರೆ ಬಂದೂಕು ಇರಲಿಲ್ಲ ಎಂಬುದು ನನಗೂ ಕಾಣುತ್ತಿತ್ತು. ದೂರದ ನಿಯಮ ನನಗೂ ಗೊತ್ತಿತ್ತು. ಶೇಕಡಾವಾರು ಲೆಕ್ಕವನ್ನೆಲ್ಲ ಹಾಕಿದ ನಾನು ಇಷ್ಟು ಸಣ್ಣ ಲೆಕ್ಕ ಹಾಕಲಿಲ್ಲ. ಮಾತಿಲ್ಲದ್ದನ್ನೇ ಅಪರಾಧ ಎಂದುಕೊಂಡೆ.

ಮೂರನೆಯ ಆಟದಲ್ಲಿ ಅವಳು ಮೊದಲ ಸುತ್ತಿನಲ್ಲೇ ಹೊರಹೋದಳು. ಆಟ ಇನ್ನೂ ಅರ್ಧ ಗಂಟೆ ನಡೆಯಿತು. ಅವಳು ಒಳಗೆ ಹೋಗಿ ನಾನಿಯ ಜೊತೆ ಅಕ್ಕಿಯ ಕಲ್ಲು ಆರಿಸುತ್ತಾ ಕೂತಳು. ನಾಲ್ಕನೆಯ ಆಟಕ್ಕೆ ಕರೆದಾಗ, “ನೀವು ಆಡಿ, ನಾನು ನೋಡುತ್ತೇನೆ” ಎಂದಳು. ನಮ್ಮ ಆರು ಜನರಿಗೆ ಆ ಆಟ ತುಂಬಾ ಚೆನ್ನಾಗಿತ್ತು. ಅವಳನ್ನು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಬಾಕಿ ಎಷ್ಟು?

ಆಟ ಹೇಗಿದೆ ಎಂದು ನಾವು ಸಾಮಾನ್ಯವಾಗಿ ಗೆದ್ದವರನ್ನು ಕೇಳುತ್ತೇವೆ. ಮೊದಲು ಹೊರಹೋದವರನ್ನು ಕೇಳಬೇಕು ಎಂಬುದು ನಾನು ಕಲಿತ ಪಾಠ. ‘ಬ್ಯಾಂಗ್!’ನ ಬಲ ಮತ್ತು ಕೊರತೆ ಒಂದೇ ಬೇರಿನಿಂದ ಬಂದಿವೆ. ಹೊರಹೋಗುವ ಭಯ ಇರುವುದರಿಂದಲೇ ಯಾರನ್ನು ನಂಬಬೇಕು ಎಂಬ ಪ್ರಶ್ನೆಗೆ ತೂಕ ಬರುತ್ತದೆ. ಆ ತೂಕದ ಬೆಲೆಯನ್ನು ಮಾತ್ರ ಒಬ್ಬರೇ ಮೂಲೆಯಲ್ಲಿ ಕೂತು ತೆರುತ್ತಾರೆ.

ಆದ್ದರಿಂದ ನಾವು ಮೂರು ಮನೆ ನಿಯಮ ಮಾಡಿಕೊಂಡೆವು.

ಮೊದಲನೆಯದು, ಮೊದಲ ಸುತ್ತಿನಲ್ಲಿ ಯಾರ ಕೊನೆಯ ಪ್ರಾಣವನ್ನೂ ತೆಗೆಯುವಂತಿಲ್ಲ.

ಎರಡನೆಯದು, ಹೊರಹೋದವರು ಕಾರ್ಡಿನ ಕಟ್ಟಿನ ಯಜಮಾನರು. ಕಾರ್ಡ್ ಹಂಚುವುದು, ಅದೃಷ್ಟದ ಕಾರ್ಡ್ ತೆಗೆಯುವುದು, ಜಗಳ ಬಂದರೆ ತೀರ್ಪು ಕೊಡುವುದು ಅವರ ಕೆಲಸ.

ಮೂರನೆಯದು, ಒಂದು ಆಟದಲ್ಲಿ ಮೊದಲು ಹೊರಹೋದವರೇ ಮುಂದಿನ ಆಟದ ಶೆರಿಫ್.

ಕಾಲೇಜಿನ ಒಳಾಂಗಣ ಆಟಗಳ ಕೋಣೆಗೆ ಇದು ಬೇಕೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗಿದೆ: ಇಡೀ ತರಗತಿಗೆ ಒಂದೇ ಡಬ್ಬಿ ಸಾಲದು, ಕೇರಂ ಬೋರ್ಡಿನಂತೆ ಬಂದವರೆಲ್ಲ ಸೇರಲಾಗದು. ಐದರಿಂದ ಏಳು ಜನರ ಗುಂಪಿಗೆ, ಮಳೆಯ ದಿನದ ಬಿಡುವಿನ ಅವಧಿಗೆ, ಮೇಲಿನ ಮೂರು ನಿಯಮಗಳ ಜೊತೆಗೆ ಆದರೆ ಖಂಡಿತ ಇರಲಿ. ಹಣದ ಪಂದ್ಯ ಮಾತ್ರ ಎಂದೂ ಬೇಡ.

ಮೂರನೆಯ ನಿಯಮ ಹೇಳಿದ ಮೇಲೆ ಖಾಲಾ ಮಗಳು ಅಕ್ಕಿಯ ಮೊರ ಬಿಟ್ಟು ಎದ್ದು ಬಂದಳು. ಶೆರಿಫ್ ಕಾರ್ಡನ್ನು ಮುಂದಿಟ್ಟುಕೊಂಡು ಎಲ್ಲರ ಬಂದೂಕುಗಳನ್ನು ಒಮ್ಮೆ ನೋಡಿದಳು. ಆಮೇಲೆ ಯಾರ ಮೇಲಾದರೂ ಗುಂಡು ಹಾರಿಸುವ ಮೊದಲು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನಿಮ್ಮ ಗುಂಡು ಯಾರವರೆಗೆ ಮುಟ್ಟುತ್ತದೆ?”

ಆ ಆಟವನ್ನು ಅವಳೇ ಗೆದ್ದಳು. ನಾನು ಅವಳ ಡೆಪ್ಯುಟಿಯಾಗಿದ್ದೆ. ಕೊನೆಯವರೆಗೂ ಅವಳು ನನ್ನ ಮೇಲೆ ಒಂದು ಗುಂಡನ್ನೂ ಹಾರಿಸಲಿಲ್ಲ.