ಎತ್ತು ಕೊಳ್ಳುವ ಮುನ್ನ ಉಸಿರು ನೋಡಿ

ರಥಸಪ್ತಮಿ ಹೊತ್ತಿಗೆ ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಯಲ್ಲಿ ದನಗಳ ಜಾತ್ರೆ. ಶಿವರಾತ್ರಿಗೆ ಸಿದ್ಧಗಂಗೆ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ. ಶಿರಾ, ಪಾವಗಡದ ಕಡೆಯ ರೈತರೂ ಹಳ್ಳಿಕಾರ್ ಜೋಡಿ ಹುಡುಕಿಕೊಂಡು ಇಂಥ ಜಾತ್ರೆಗಳನ್ನು ಸುತ್ತುತ್ತಾರೆ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೊಂಬಿನ ಜೋಡಿ ಹೊಂದುತ್ತದೆಯೇ ಎಂದು ಹಿಂದೆ ಮುಂದೆ ನಿಂತು ಅಳೆಯುತ್ತಾರೆ. ಉಸಿರು ನೋಡುವವರು ಮಾತ್ರ ತೀರಾ ಕಡಿಮೆ. ಜೋಡಿಗೆ ಲಕ್ಷದ ಮೇಲೆ ಮಾತಾಡುವ ಕಾಲದಲ್ಲಿ ಇದು ದುಬಾರಿ ಮರೆವು. ಉಸಿರಿಲ್ಲದ ಎತ್ತು ಕಡ್ಲೆಕಾಯಿ ಬಿತ್ತನೆಯ ಹದದಲ್ಲಿ ಅರ್ಧ ಸಾಲಿಗೇ ನಿಂತುಬಿಡುತ್ತದೆ.

1. ದಣಿದ ರಾಸಿನ ಉಸಿರು ಎಣಿಸಬೇಡಿ. ಲಾರಿಯಿಂದ ಈಗಷ್ಟೇ ಇಳಿದದ್ದು, ಹತ್ತಾರು ಮೈಲಿ ನಡೆದು ಬಂದದ್ದು ಏದುಸಿರು ಬಿಡುವುದು ಸಹಜ. ನೆರಳಲ್ಲಿ ನಿಂತು ಮೆಲುಕು ಹಾಕುವಾಗ ಪಕ್ಕೆಯ ಹಿಂದಿನ ಗುಳಿ ಎಷ್ಟು ಸಲ ಏರಿಳಿಯುತ್ತದೆ ಎಂದು ಪೂರ್ತಿ ಒಂದು ನಿಮಿಷ ಎಣಿಸಿ. ಆರೋಗ್ಯವಂತ ಎತ್ತಿಗೆ ತಂಪು ಹೊತ್ತಿನಲ್ಲಿ 15ರಿಂದ 30 ಸಾಮಾನ್ಯ. ಅದಕ್ಕಿಂತ ಬಹಳ ಹೆಚ್ಚಿದ್ದರೆ, ಉಸಿರೆಳೆಯಲು ಹೊಟ್ಟೆಯೂ ಕೆಲಸ ಮಾಡುತ್ತಿದ್ದರೆ, ಕತ್ತು ಮುಂದಕ್ಕೆ ಚಾಚಿ ಬಾಯಿ ತೆರೆದಿದ್ದರೆ ಮಾತು ಅಲ್ಲೇ ನಿಲ್ಲಿಸಿ.

2. ನಡುಮಧ್ಯಾಹ್ನ ನಡೆಸಿ ನೋಡಿ. ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದೇ. ಕಾಲುಬಾಯಿ ಜ್ವರ ಬಂದು ವಾಸಿಯಾದ ಕೆಲವು ರಾಸುಗಳಿಗೆ ಆಮೇಲೆ ಬಿಸಿಲು ತಡೆಯುವ ಶಕ್ತಿಯೇ ಹೋಗುತ್ತದೆ. ಮೈಯ ಶಾಖ ಹತೋಟಿಯಲ್ಲಿಡುವ ಗ್ರಂಥಿಗಳ ಕೆಲಸ ಕೆಡುವುದೇ ಕಾರಣ ಎಂದು ಪಶುವೈದ್ಯರು ವಿವರಿಸುತ್ತಾರೆ. ಬೆಳಿಗ್ಗೆ ನೋಡಿದರೆ ಎತ್ತಿನಲ್ಲಿ ಯಾವ ಕುಂದೂ ಕಾಣದು. ಹೊತ್ತೇರಿದಂತೆ ತೇಕಲು ಶುರು, ನಾಲಿಗೆ ಹೊರಗೆ, ನೆರಳಿಗೋ ನೀರಿಗೋ ಎಳೆದಾಟ. 2013ರಲ್ಲಿ ಈ ರೋಗ ಕರ್ನಾಟಕದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಬದುಕಿ ಉಳಿದವುಗಳಲ್ಲಿ ಕೆಲವು ಹೀಗೆ ತೇಕುವ ರಾಸುಗಳಾದವು.

ಜಾತ್ರೆಗಳು ಹೆಚ್ಚಾಗಿ ಚಳಿಗಾಲದಲ್ಲಿ, ವ್ಯಾಪಾರ ಕುದುರುವುದು ಬೆಳಗಿನ ತಂಪಿನಲ್ಲಿ. ಈ ದೋಷ ಕಣ್ಣಿಗೆ ಬೀಳದೆ ಹೋಗಲು ಅಷ್ಟು ಸಾಕು. ಹಾಗಾಗಿ ಅವಸರ ಮಾಡದೆ ಮಧ್ಯಾಹ್ನದವರೆಗೆ ಕಾಯಿರಿ. ನೊಗ ಹೂಡಿ ಅರ್ಧ ಗಂಟೆ ಗಾಡಿ ಎಳೆಸಿ, ನೆರಳಿಗೆ ಕಟ್ಟಿ. ಇನ್ನರ್ಧ ಗಂಟೆ ಕಳೆದರೂ ಉಸಿರು ತಹಬಂದಿಗೆ ಬರದಿದ್ದರೆ, ಅದರ ಜೋಡಿ ಮಾತ್ರ ಆರಾಮವಾಗಿ ಮೆಲುಕು ಹಾಕುತ್ತಿದ್ದರೆ, ಉತ್ತರ ನಿಮ್ಮೆದುರಿಗೇ ಇದೆ. ಮೈಕೂದಲನ್ನೂ ಸವರಿ ನೋಡಿ. ಬೇಸಿಗೆಯಲ್ಲೂ ಕೂದಲು ಉದ್ದವಾಗಿ, ಒರಟಾಗಿ, ಹೊಳಪಿಲ್ಲದೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗೊರಸಿನ ಮೇಲೆ ಅಡ್ಡಗೆರೆ, ಸೀಳು ಕಂಡರೆ ಹಿಂದೆ ಕಾಲುಬಾಯಿ ಬಂದಿತ್ತೇ ಎಂದು ನೇರವಾಗಿ ಕೇಳಿ. ಇದಕ್ಕೆ ಭರವಸೆಯ ಮದ್ದಿಲ್ಲ. ಪಾವಗಡದ ಏಪ್ರಿಲ್ ಬಿಸಿಲಿಗೆ ಇಂಥ ಎತ್ತು ಬೇಡವೇ ಬೇಡ.

3. ಗೊರಕೆ ಕೇಳಿದರೆ ಹೊಳ್ಳೆಗೆ ಟಾರ್ಚ್ ಹಿಡಿಯಿರಿ. ಎಚ್ಚರವಾಗಿ ನಿಂತ ಎತ್ತು ಗೊರಗೊರ ಎನ್ನುತ್ತಿದ್ದರೆ ಅದು ಗೊರಕೆ ರೋಗ ಇರಬಹುದು. ಮೂಗಿನ ರಕ್ತನಾಳಗಳಲ್ಲಿ ಸೇರಿಕೊಳ್ಳುವ ಒಂದು ಹುಳು ಇದರ ಮೂಲ. ಮದರಾಸಿನ ಪಶುವಿಜ್ಞಾನಿ ಎಂ.ಎ.ಎನ್. ರಾವ್ 1933ರಲ್ಲಿ ಅದನ್ನು ವಿವರಿಸಿದರು. ಕೆರೆ ಕಟ್ಟೆಗಳ ನಿಂತ ನೀರಿನ ಬಸವನಹುಳುವಿನಲ್ಲಿ ಅದರ ಮರಿ ಬೆಳೆಯುತ್ತದೆ, ನೀರಿಗಿಳಿದ ದನದ ಚರ್ಮ ತೂರಿ ಒಳಹೋಗುತ್ತದೆ. ಮೂಗಿನೊಳಗೆ ಹೂಕೋಸಿನಂತೆ ಗಂಟು ಬೆಳೆದು ಗಾಳಿಯ ದಾರಿ ಕಟ್ಟುತ್ತದೆ. ಸಿಂಬಳ ಗಟ್ಟಿ, ಕೆಲವೊಮ್ಮೆ ರಕ್ತ ಬೆರೆತದ್ದು.

ಒಂದು ಸಣ್ಣ ಪರೀಕ್ಷೆ: ಹತ್ತಿಯ ಎಳೆಯೊಂದನ್ನು ಮೊದಲು ಒಂದು ಹೊಳ್ಳೆಯ ಮುಂದೆ, ಆಮೇಲೆ ಇನ್ನೊಂದರ ಮುಂದೆ ಹಿಡಿಯಿರಿ. ಎರಡೂ ಕಡೆ ಎಳೆ ಒಂದೇ ಸಮನೆ ಅಲುಗಬೇಕು. ಒಂದು ಕಡೆ ಅಲುಗದಿದ್ದರೆ ದಾರಿ ಕಟ್ಟಿದೆ. ಇದಕ್ಕೆ ಚಿಕಿತ್ಸೆ ಇದೆ, ಆರಂಭದಲ್ಲೇ ಹಿಡಿದರೆ ಇಂಜೆಕ್ಷನ್ನಿಗೆ ಬಗ್ಗುತ್ತದೆ. ಆದ್ದರಿಂದ ಗೊರಕೆ ಎಂದ ಕೂಡಲೇ ಬಿಟ್ಟು ಬರಬೇಕಿಲ್ಲ. ವೈದ್ಯರಿಗೆ ತೋರಿಸಿ, ಖರ್ಚು ಕಳೆದು ಬೆಲೆ ಕಟ್ಟಿ. ಆದರೆ ವಾಸಿಯಾಗದೆ ಅದನ್ನು ನಿಮ್ಮೂರ ಕೆರೆಗೆ ಇಳಿಸಬೇಡಿ. ಸಿಂಬಳದ ಜೊತೆ ಹುಳುವಿನ ಮೊಟ್ಟೆಯೂ ನೀರು ಸೇರಿ ಊರಿನ ದನಗಳಿಗೆಲ್ಲ ಹರಡುತ್ತದೆ.

4. "ಜಾತ್ರೆ ಧೂಳಿಗೆ ಕೆಮ್ಮುತ್ತೆ ಸ್ವಾಮಿ" ಎಂಬ ಮಾತನ್ನು ಅಲ್ಲಿಗೇ ಒಪ್ಪಬೇಡಿ. ಧೂಳಿಗೆ ಒಂದೆರಡು ಸಲ ಕೆಮ್ಮಬಹುದು. ಮೇವು ತಿನ್ನುತ್ತಿದ್ದರೂ ಮೈ ಹತ್ತದೆ ಒಣಗಿಕೊಂಡು, ತಿಂಗಳುಗಟ್ಟಲೆ ಒಣಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಚರ್ಮಕ್ಕೆ ಮದ್ದು ಚುಚ್ಚಿ 72 ಗಂಟೆ ಕಳೆದ ಮೇಲೆ ನೋಡುವ ಪರೀಕ್ಷೆ ಅದು, ಜಾತ್ರೆಯಲ್ಲಿ ನಿಂತ ನಿಲುವಿನಲ್ಲಿ ಆಗುವುದಲ್ಲ. ಹಸು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಹಸಿ ಹಾಲಿನಿಂದ ಮನೆಯ ಮಕ್ಕಳಿಗೂ ಕ್ಷಯ ತಗಲುತ್ತದೆ.

5. ಉಸಿರಿನ ವಾಸನೆ ನೋಡಿ. ಗೊಟ್ಟದಲ್ಲಿ ಎಣ್ಣೆ, ಔಷಧಿ ಕುಡಿಸುವಾಗ ತಲೆ ಎತ್ತಿ ಹಿಡಿದು ನಾಲಿಗೆ ಎಳೆದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಾರುವ ಮುನ್ನ ಮೈ ತುಂಬಿಕೊಳ್ಳಲೆಂದು ಕುಡಿಸಿದ್ದೇ ಮುಳುವಾಗುವುದುಂಟು. ಕೊಳೆತ ವಾಸನೆ, ಜ್ವರ, ಜೋತ ಕಿವಿ ಇದ್ದರೆ ಆ ರಾಸಿಗೆ ಬೇಕಾದದ್ದು ವೈದ್ಯರು, ಗಿರಾಕಿಯಲ್ಲ.

6. ಗಂಗೆದೊಗಲಿನ ಬುಡ ಮುಟ್ಟಿ. ಮುಂಗಾಲುಗಳ ನಡುವೆ ನೀರು ತುಂಬಿದ ಬಾವಿದ್ದು, ಮೊಣಕೈ ಹೊರಚಾಚಿ ನಿಂತು, ಇಳಿಜಾರು ಇಳಿಯಲು ಹಿಂಜರಿದರೆ ಉಸಿರಿನ ಕಷ್ಟಕ್ಕೆ ಕಾರಣ ಹೃದಯದ ಬಳಿ ಇರಬಹುದು. ಮೇವಿನ ಜೊತೆ ನುಂಗಿದ ತಂತಿ, ಮೊಳೆ ಚುಚ್ಚಿದ ಲಕ್ಷಣ ಅದು. ಕೊಳ್ಳಬೇಡಿ.

7. ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಬರೆದುಕೊಳ್ಳಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಲಸಿಕೆ ಉಚಿತ, ವರ್ಷಕ್ಕೆ ಎರಡು ಸಲ. ಲಸಿಕೆ ಹಾಕಿದ ವಿವರ ಆ ಸಂಖ್ಯೆಯ ಮೇಲೆ ದಾಖಲಾಗುತ್ತದೆ, ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಬಹುದು. ಬಿಲ್ಲೆಯೇ ಇಲ್ಲದ ರಾಸಿನ ಹಿನ್ನೆಲೆ ಮಾರುವವನ ಬಾಯಿಮಾತು ಮಾತ್ರ.

8. ವೈದ್ಯರು ನಿಮ್ಮವರಿರಲಿ. ಮಾರುವವರು ತೋರಿಸುವ ಚೀಟಿಗಿಂತ ನೀವೇ ಕರೆತಂದವರ ಒಂದು ಮಾತು ಹೆಚ್ಚು. ಎದೆಗೆ ಸ್ಟೆತಾಸ್ಕೋಪ್ ಇಡಿಸಿ, ಜ್ವರ ನೋಡಿಸಿ (101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಸಹಜ). ಲಕ್ಷದ ವ್ಯಾಪಾರದಲ್ಲಿ ಈ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

9. ಬೆಲೆ ಇಳಿದಷ್ಟಕ್ಕೇ ಮನಸ್ಸು ಬದಲಾಯಿಸಬೇಡಿ. ಗುಣವಾಗುವ ರೋಗಕ್ಕೆ ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಗುಣವಾಗದ್ದನ್ನು ಅರ್ಧ ಬೆಲೆಗೆ ಕೊಂಡರೂ ನಷ್ಟವೇ. ಮೇವು, ಬೂಸಾ, ಹಿಂಡಿಯ ಖರ್ಚು ಕುಂದಿಲ್ಲದ ಎತ್ತಿಗೆ ಎಷ್ಟೋ ಇದಕ್ಕೂ ಅಷ್ಟೇ. ಗೋಹತ್ಯೆ ನಿಷೇಧದ 2020ರ ಕಾಯಿದೆ ಬಂದ ಮೇಲೆ ಕೆಲಸಕ್ಕಾಗದ ಎತ್ತನ್ನು ಕಸಾಯಿಖಾನೆಗೆ ಮಾರುವ ದಾರಿಯೂ ಇಲ್ಲ, ಕೊನೆತನಕ ಸಾಕಬೇಕು. ಆ ಲೆಕ್ಕ ಕೊಳ್ಳುವ ಮೊದಲೇ ಹಾಕಿ.

10. ಟವಲಿನ ಕೆಳಗೆ ಬೆರಳು ಹಿಡಿಯುವ ಮುಂಚೆಯೇ ಷರತ್ತು ಹೇಳಿ. ಜೋಡಿಯನ್ನು ಎರಡು ದಿನ ಹೂಡಿ ನೋಡುತ್ತೇನೆ, ತೇಕಿದರೆ ವಾಪಸ್ ಎಂದು ನಾಲ್ಕು ಜನರ ಎದುರು ಹೇಳಿ, ಚೀಟಿಯಲ್ಲಿ ಬರೆಸಿ, ಅಲ್ಲಿಯವರೆಗೆ ಮುಂಗಡ ಮಾತ್ರ ಕೊಡಿ. ನಿಜ ಹೇಳಿ ಮಾರುವ ರೈತ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ದಲ್ಲಾಳಿ ಇದಕ್ಕೆ ಸಿಡಿದರೆ ಪಕ್ಕದ ಜೋಡಿಯ ಕಡೆ ನಡೆಯಿರಿ.

11. ತಂದ ಮೇಲೆ ಮೂರು ವಾರ ಹಟ್ಟಿಯ ಬೇರೆ ರಾಸುಗಳಿಂದ ದೂರ ಕಟ್ಟಿ, ನೀರಿನ ತೊಟ್ಟಿಯೂ ಬೇರೆ ಇರಲಿ. ಉಸಿರಿನಲ್ಲಿ ಏರುಪೇರು ಕಂಡರೆ 1962ಕ್ಕೆ ಕರೆ ಮಾಡಿ, ಪಶು ಸಂಚಾರಿ ಚಿಕಿತ್ಸಾ ವಾಹನ ಹಳ್ಳಿಗೇ ಬರುತ್ತದೆ. ನಿಮ್ಮ ಬಳಿ ಇರುವ ಎತ್ತು ತೇಕುವುದಾದರೆ ಅದನ್ನು ಬೆಳಗಿನ ತಂಪಿನಲ್ಲಿ ಇನ್ನೊಬ್ಬ ರೈತನಿಗೆ ದಾಟಿಸಬೇಡಿ. ಇದ್ದ ಕುಂದು ಹೇಳಿಯೇ ಮಾರಿ.