ನೀರಿನಲ್ಲಿ ಸೀಸ: ಮಾದರಿ ಹಿಡಿಯುವುದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೋರ್‌ವೆಲ್ ನೀರೆಂದರೆ ಎಲ್ಲರ ಬಾಯಲ್ಲೂ ಫ್ಲೋರೈಡಿನ ಮಾತು. ಸೀಸವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಹಳ್ಳಿಗಳಲ್ಲಿ ಬಳಸುವ ಪರೀಕ್ಷಾ ಕಿಟ್ ಸಾಮಾನ್ಯವಾಗಿ ಅದನ್ನು ತೋರಿಸದು. ಆದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಅದರ ಅಲ್ಪ ಪ್ರಮಾಣವೂ ಕೇಡು. ಲ್ಯಾಬ್ ಪರೀಕ್ಷೆಯೊಂದೇ ದಾರಿ. ಮಾದರಿ ಸರಿಯಾಗಿ ಹಿಡಿದರಷ್ಟೇ ಅದರ ಉತ್ತರ ನಂಬಬಹುದು.

1. ಮೊದಲು ಲ್ಯಾಬ್ ವಿಚಾರಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಕೇಳಿ. ಅಲ್ಲಿ ಸೀಸದ ಪರೀಕ್ಷೆ ಇಲ್ಲದಿದ್ದರೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್ ಹುಡುಕಿ. ಗ್ರಾಫೈಟ್ ಫರ್ನೇಸ್ ಎಎಎಸ್ ಅಥವಾ ಐಸಿಪಿ-ಎಂಎಸ್ ಯಂತ್ರ ಇದೆಯೇ ಎಂದು ಕೇಳಿಕೊಳ್ಳಿ. ಅರ್ಜಿಯಲ್ಲಿ 'ಸೀಸ' ಎಂದು ಬರೆಸಿ.

2. ಬಾಟಲಿ ಲ್ಯಾಬಿನದೇ ಇರಲಿ. ಸೀಸ ಬಾಟಲಿಯ ಗೋಡೆಗೆ ಅಂಟದಿರಲು ಒಳಗೆ ನೈಟ್ರಿಕ್ ಆಮ್ಲ ಹಾಕಿರಬಹುದು. ಹಾಗಿದ್ದರೆ ತೊಳೆಯಬೇಡಿ, ತುಂಬಿ ಚೆಲ್ಲಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

3. ಮೊದಲ ಮಾದರಿ. ರಾತ್ರಿ ಕನಿಷ್ಠ 6 ಗಂಟೆ ನೀರು ಬಳಸದೆ, ಬೆಳಿಗ್ಗೆ ಅಡುಗೆಮನೆಯ ನಲ್ಲಿಯಿಂದ ಬರುವ ಮೊದಲ 1 ಲೀಟರ್ ಹಿಡಿಯಿರಿ.

4. ಎರಡನೇ ಮಾದರಿ. ಬೋರ್‌ವೆಲ್ ಮೋಟಾರು ಕೆಲ ನಿಮಿಷ ಓಡಿದ ಮೇಲೆ, ನೀರು ಟ್ಯಾಂಕ್ ಸೇರುವ ಮೊದಲೇ ಹಿಡಿಯಿರಿ. ಅಲ್ಲಿಯವರೆಗಿನ ನೀರು ಕೊಡಗಳಲ್ಲಿ ತುಂಬಿ ಗಿಡಕ್ಕೆ ಹಾಕಿ.

5. ಚೀಟಿ ಅಂಟಿಸಿ. ಊರು, ಸ್ಥಳ, ದಿನಾಂಕ, ಸಮಯ, ಮಾದರಿ ಸಂಖ್ಯೆ ಬರೆದು ಬೇಗ ತಲುಪಿಸಿ.

ವರದಿ ಓದುವುದು

ಐಎಸ್ 10500:2012 ಪ್ರಕಾರ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಇದರಲ್ಲಿ ಸಡಿಲಿಕೆ ಇಲ್ಲ.

- ಮೊದಲನೆಯದರಲ್ಲಿ ಮಾತ್ರ ಹೆಚ್ಚಿದ್ದರೆ: ದೋಷ ಮನೆಯ ಕಡೆಯದು. ಹಿತ್ತಾಳೆ ನಲ್ಲಿ, ಬೆಸುಗೆ, ಹಳೆಯ ಪಿವಿಸಿ ಪೈಪು, ಟ್ಯಾಂಕ್ ಪರಿಶೀಲಿಸಿ.
- ಎರಡರಲ್ಲೂ ಹೆಚ್ಚಿದ್ದರೆ: ನೀರಿನ ಮೂಲವನ್ನೇ ಶಂಕಿಸಬೇಕು. ಕುಡಿಯುವುದು, ಅಡುಗೆಗೆ ಬಳಸುವುದು ನಿಲ್ಲಿಸಿ, ವರದಿಯ ಪ್ರತಿಯೊಂದಿಗೆ ಪಿಡಿಒಗೆ ಲಿಖಿತ ದೂರು ಕೊಡಿ.
- ಎರಡನೆಯದರಲ್ಲಿ ಮಾತ್ರ ಹೆಚ್ಚಿದ್ದರೆ: ಮತ್ತೊಮ್ಮೆ ಪರೀಕ್ಷಿಸಿ.

ಕುದಿಸಿದರೆ ಸೀಸ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಸುಸ್ಥಿತಿಯ ಆರ್‌ಒ ಘಟಕ ಅದನ್ನು ತಗ್ಗಿಸುತ್ತದೆ. ಆದರೂ ಶುದ್ಧೀಕರಿಸಿದ ನೀರನ್ನು ಮತ್ತೆ ಪರೀಕ್ಷೆಗೆ ಕಳಿಸಿ.

ಪಂಚಾಯಿತಿಯಿಂದ ಊರಿನ ನೀರು ಪರೀಕ್ಷಿಸುವುದಾದರೆ ಅಂಗನವಾಡಿ, ಶಾಲೆಯ ನಲ್ಲಿಗಳಿಂದಲೇ ಶುರು ಮಾಡಿ. ಸೀಸದಿಂದ ಹೆಚ್ಚು ಅಪಾಯ ಆ ಮಕ್ಕಳಿಗೇ.