ಒಂದೇ ಓವನ್‌ನಲ್ಲಿ ಕೋಳಿ, ಆಲೂಗಡ್ಡೆ: ಹೊತ್ತು ಹೊಂದಿಸುವ ಬಗೆ

ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ಪಾಳ್ಯದ ಆಸುಪಾಸಿನಲ್ಲಿ ಬೆಳೆ ಬದಲಾಗುತ್ತದೆ. ಮೂಡಲಿಗೆ ಆಲೂಗಡ್ಡೆ, ಜೋಳದ ಹೊಲಗಳು. ಪಡುವಲಿಗೆ ಕಾಫಿ, ಮೆಣಸಿನ ತೋಟಗಳು. ಇಲ್ಲಿನ ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಕೋಳಿ ಸಾರು–ಕಡುಬಿನ ಜೊತೆಗೆ ಇಡೀ ಕೋಳಿಯನ್ನು ರೋಸ್ಟ್ ಮಾಡಿ, ಪಕ್ಕದಲ್ಲಿ ಗರಿಗರಿ ಆಲೂಗಡ್ಡೆ ಇಟ್ಟು ಬಡಿಸುವುದೂ ಇದೆ. ಅಡುಗೆಮನೆಯಲ್ಲಿ ಇರುವುದು ಮಾತ್ರ ಒಂದೇ ಓಟಿಜಿ. ಕೋಳಿಗೆ ಬೇಕಾದದ್ದು ಹದವಾದ ಶಾಖ, ಆಲೂಗಡ್ಡೆಗೆ ಜೋರು ಶಾಖ. ಎರಡನ್ನೂ ಒಟ್ಟಿಗೆ ಒಳಗಿಟ್ಟು ಒಟ್ಟಿಗೆ ತೆಗೆದರೆ ಒಂದಲ್ಲ ಒಂದು ಕೆಡುತ್ತದೆ.

ಇದಕ್ಕೆ ದಾರಿ ಸರಳ. ಕೋಳಿ ಕಾಯುತ್ತದೆ, ಆಲೂಗಡ್ಡೆ ಕಾಯುವುದಿಲ್ಲ. ಓವನ್‌ನಿಂದ ಹೊರಬಂದ ಇಡೀ ಕೋಳಿ ಅರ್ಧ ಗಂಟೆಯಾದರೂ ಬಿಸಿಯಾಗಿರುತ್ತದೆ. ಆ ಹೊತ್ತಿನಲ್ಲಿ ಮಾಂಸದ ರಸ ಗಟ್ಟಿಯಾಗಿ ಒಳಗೇ ನಿಲ್ಲುವುದರಿಂದ ಕತ್ತರಿಸುವಾಗ ತಟ್ಟೆಗೆ ಹರಿದುಹೋಗುವುದಿಲ್ಲ. ಆಲೂಗಡ್ಡೆಯ ಗರಿ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಕೋಳಿ ಮೊದಲು ಹೊರಬರಲಿ. ಅದು ವಿರಮಿಸುವ ಅರ್ಧ ಗಂಟೆ ಓವನ್ ಪೂರ್ತಿ ಆಲೂಗಡ್ಡೆಗೆ.

ಲೆಕ್ಕವನ್ನು ಊಟದ ಹೊತ್ತಿನಿಂದ ಹಿಂದಕ್ಕೆ ಹಾಕಿ. ರಾತ್ರಿ 8.30ಕ್ಕೆ ಬಡಿಸಬೇಕು, ಕೋಳಿ ಒಂದೂವರೆ ಕಿಲೋ ತೂಗುತ್ತದೆ ಅಂದುಕೊಳ್ಳೋಣ. ಪ್ರತಿ ಅರ್ಧ ಕಿಲೋಗೆ 20 ನಿಮಿಷ, ಮೇಲೆ ಇನ್ನೊಂದು 20 ನಿಮಿಷ. ಒಟ್ಟು 80 ನಿಮಿಷ, 190 ಡಿಗ್ರಿ ಶಾಖದಲ್ಲಿ. 8ಕ್ಕೆ ತೆಗೆಯಬೇಕಾದರೆ 6.40ಕ್ಕೆ ಒಳಗಿಡಬೇಕು, 6.20ಕ್ಕೆ ಓವನ್ ಹಚ್ಚಬೇಕು. ಎರಡು ಕೋಳಿ ಇಟ್ಟರೆ ತೂಕ ಕೂಡಿಸಬೇಡಿ. ದೊಡ್ಡದರ ತೂಕಕ್ಕೆ ಲೆಕ್ಕ ಹಾಕಿ ಹತ್ತು–ಹದಿನೈದು ನಿಮಿಷ ಸೇರಿಸಿ.

ಹಿಂದಿನ ರಾತ್ರಿಯ ಕೆಲಸ

ನಮ್ಮಲ್ಲಿ ಕೋಳಿ ಅಂಗಡಿಯವರು ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ರೋಸ್ಟ್‌ಗೆ ಚರ್ಮ ಇರಲೇಬೇಕು, ಇಲ್ಲದಿದ್ದರೆ ಎದೆಯ ಮಾಂಸ ನಾರಾಗುತ್ತದೆ. ‘ಚರ್ಮ ಸಮೇತ, ಇಡಿಯಾಗಿ’ ಎಂದು ಮೊದಲೇ ಹೇಳಿಡಿ. ತೊಳೆದರೆ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಉಪ್ಪು, ಕುಟ್ಟಿದ ಕಾಳುಮೆಣಸು, ಬೆಳ್ಳುಳ್ಳಿ ಸವರಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಕೆಳಗಿನ ತಟ್ಟಿನಲ್ಲಿ, ಮುಚ್ಚದೆ ಇಡಿ. ಒಣಗಿದ ಚರ್ಮವೇ ಕೆಂಪಗೆ ಗರಿಯಾಗುವುದು. ನಿಂಬೆಹಣ್ಣನ್ನು ಮರುದಿನ ಹೊಟ್ಟೆಯೊಳಗೆ ತುರುಕಿದರೆ ಸಾಕು.

ಆಲೂಗಡ್ಡೆಯನ್ನು ಮಾತ್ರ ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಿನ ಜಾಗದಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಅಂಥ ಗಡ್ಡೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಆಲೂಗಡ್ಡೆ: ಇಲ್ಲಿಯೇ ಗಮನ ಬೇಕು

ಹಾಸನ ಜಿಲ್ಲೆಯಲ್ಲಿ ಹೆಚ್ಚು ಬೆಳೆಯುವುದು ಕುಫ್ರಿ ಜ್ಯೋತಿ ತಳಿ. ಮುಂಗಾರಿನ ಆರಂಭದಲ್ಲಿ ಬಿತ್ತಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಕೀಳುವ ಬೆಳೆ. ಮಳೆಯಲ್ಲೇ ಬೆಳೆದ ಹೊಸ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಸಿಪ್ಪೆ ಉಗುರಿಗೇ ಏಳುತ್ತದೆ. ಪಲ್ಯಕ್ಕೆ, ಸಾಗುಗೆ ಅದು ಚೆನ್ನ. ರೋಸ್ಟ್‌ಗೆ ಕಿತ್ತು ಕೆಲವು ವಾರ ಕತ್ತಲೆಯಲ್ಲಿ ಹರಡಿಟ್ಟ, ಸಿಪ್ಪೆ ಬಲಿತ ಗಡ್ಡೆಯೇ ಮೇಲು. ಹಸಿರು ಬಣ್ಣ ಬಂದದ್ದನ್ನು ಬಿಟ್ಟುಬಿಡಿ.

ತಲೆಗೆ ಕಾಲು ಕಿಲೋದಂತೆ ತೆಗೆದುಕೊಂಡು 6.45ರ ಸುಮಾರಿಗೆ ಸಿಪ್ಪೆ ತೆಗೆದು ದೊಡ್ಡ ಹೋಳುಗಳಾಗಿ ಕತ್ತರಿಸಿ. ಗ್ಯಾಸ್ ಒಲೆಯ ಮೇಲೆ ಉಪ್ಪು ನೀರಿನಲ್ಲಿ ಅರೆಬೇಯಿಸಿ. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹೋಳಿನ ಮೇಲ್ಮೈ ಬೇಗ ಪುಡಿಯಾಗಿ ಒರಟಾಗುತ್ತದೆ. ಪುಸ್ತಕಗಳು ಕುದಿ ಬಂದ ಮೇಲೆ ಹತ್ತು ನಿಮಿಷ ಅನ್ನುತ್ತವೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹನ್ನೆರಡು ನಿಮಿಷ ಕೊಡಿ. ಚಾಕು ಅಂಚಿಗೆ ಸಲೀಸಾಗಿ ಇಳಿದು ನಡುವೆ ಸ್ವಲ್ಪ ತಡೆದರೆ ಅದೇ ಹದ.

ನೀರು ಬಸಿದು, ಬಿಸಿ ಪಾತ್ರೆಯಲ್ಲೇ ಐದು ನಿಮಿಷ ಹಬೆಯಾಡಲು ಬಿಡಿ. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ತೇವ ಉಳಿದರೆ ಹೋಳು ಓವನ್‌ನಲ್ಲೂ ಬೇಯುತ್ತದೆಯೇ ಹೊರತು ಗರಿಯಾಗುವುದಿಲ್ಲ. ಆಮೇಲೆ ಒಂದು ಚಮಚ ಅಕ್ಕಿ ಹಿಟ್ಟು ಉದುರಿಸಿ, ಮುಚ್ಚಳ ಹಾಕಿ ಪಾತ್ರೆಯನ್ನು ಎರಡು ಮೂರು ಸಲ ಕುಲುಕಿ. 7.20ಕ್ಕೆ ಟ್ರೇಯಲ್ಲಿ ಎಣ್ಣೆ ಹಾಕಿ ಕೋಳಿಯ ಕೆಳಗಿನ ತಟ್ಟಿಗೆ ಸೇರಿಸಿ, 7.30ಕ್ಕೆ ಕಾದ ಎಣ್ಣೆಗೆ ಹೋಳುಗಳನ್ನು ಒಂದೊಂದಾಗಿ, ಒಂದಕ್ಕೊಂದು ತಾಗದಂತೆ ಜೋಡಿಸಿ. ಒತ್ತೊತ್ತಾಗಿ ತುಂಬಿದರೆ ಹಬೆಯೇ ಗೆಲ್ಲುತ್ತದೆ.

8ಕ್ಕೆ ಕೋಳಿ ತೆಗೆದು, ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ. ಓವನ್ 220 ಡಿಗ್ರಿಗೆ ಏರಿಸಿ, ಆಲೂಗಡ್ಡೆ ತಿರುವಿ ಹಾಕಿ ಮೇಲಿನ ತಟ್ಟಿಗೆ ತನ್ನಿ. ಇನ್ನರ್ಧ ಗಂಟೆ. ಆ ಹೊತ್ತಿನಲ್ಲಿ ಕೋಳಿಯ ಟ್ರೇಯ ರಸವನ್ನು ಬಾಣಲೆಗೆ ಸುರಿದು, ಮೆಣಸು ಹಾಕಿ ಕುದಿಸಿದರೆ ಗೊಜ್ಜಿನಂತೆ ಸುರಿದುಕೊಳ್ಳಬಹುದು.

ಕೋಳಿ ಬೆಂದಿದೆಯೇ ಎಂದು ತಿಳಿಯಲು ಮಾಂಸದ ಥರ್ಮಾಮೀಟರ್‌ಗಿಂತ ನಂಬಿಕಸ್ತ ಸಾಧನ ಇಲ್ಲ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ದಾಟಿರಬೇಕು. ದಾಟದಿದ್ದರೆ ಗಡಿಯಾರ ಏನೇ ಹೇಳಲಿ, ಮತ್ತೆ ಒಳಗಿಡಿ. ಅತಿಥಿಗಳು ಕಾಲು ಗಂಟೆ ಕಾಯಲಿ.

ಚಿಕ್ಕ ಓಟಿಜಿಯಾದರೆ

ಎರಡು ತಟ್ಟು ಹಿಡಿಯದ ಓವನ್‌ನಲ್ಲಿ ಕೋಳಿಯ ಸುತ್ತ ಆಲೂಗಡ್ಡೆ ಸುರಿಯುವ ರೂಢಿ ಇದೆ. ರುಚಿ ಬರುತ್ತದೆ, ಗರಿ ಬರುವುದಿಲ್ಲ. ಅದಕ್ಕಿಂತ ಕೋಳಿಯನ್ನು 7.45ಕ್ಕೇ ಹೊರಗೆ ತೆಗೆಯುವಂತೆ ಎಲ್ಲವನ್ನೂ ಕಾಲು ಗಂಟೆ ಹಿಂದಕ್ಕೆ ಸರಿಸಿ, ಆಲೂಗಡ್ಡೆಯನ್ನು ಇನ್ನೆರಡು ನಿಮಿಷ ಹೆಚ್ಚು ಬೇಯಿಸಿಕೊಂಡು, 220ರಲ್ಲಿ 40 ನಿಮಿಷ ಅದೊಂದನ್ನೇ ಇಡಿ. ಕೋಳಿಯ ಚರ್ಮ ಮೆತ್ತಗಾಗಿದ್ದರೆ, ಆಲೂಗಡ್ಡೆ ತೆಗೆದ ಬಿಸಿ ಓವನ್‌ನಲ್ಲಿ ಐದು ನಿಮಿಷ ಇಟ್ಟು ತೆಗೆಯಿರಿ.

ನಾಟಿ ಕೋಳಿಗೆ ಲೆಕ್ಕ ತಲೆಕೆಳಗು

ಈ ಲೆಕ್ಕವೆಲ್ಲ ಫಾರಂ ಕೋಳಿಗೆ. ಹಿತ್ತಲಲ್ಲಿ ಮೇಯ್ದ ನಾಟಿ ಕೋಳಿ 80 ನಿಮಿಷಕ್ಕೆ ಬಗ್ಗುವುದಿಲ್ಲ. ಅದನ್ನು ಅರಿಶಿನ, ಉಪ್ಪು, ಎರಡು ಲೋಟ ನೀರು ಹಾಕಿ ಸಂಜೆಯೇ ಕುಕ್ಕರ್‌ನಲ್ಲಿ ಬೇಯಿಸಿಕೊಳ್ಳಿ. ಹ್ಯಾಟೆಯಾದರೆ ಮೂರ್ನಾಲ್ಕು ಕೂಗು ಸಾಕು, ಬಲಿತ ಹುಂಜಕ್ಕೆ ಅದರ ಎರಡರಷ್ಟು ಬೇಕಾದೀತು. ಬೆಂದ ನೀರು ಸಾರಿಗೆ. ಇಲ್ಲಿ ಸರದಿ ತಿರುಗುಮುರುಗು: 7.30ಕ್ಕೆ ಆಲೂಗಡ್ಡೆ ಮೊದಲು 220ರಲ್ಲಿ ಒಳಗೆ ಹೋಗಲಿ. ಒರೆಸಿ ಒಣಗಿಸಿ ತುಪ್ಪ ಸವರಿದ ಕೋಳಿಯನ್ನು 8ಕ್ಕೆ ಸೇರಿಸಿದರೆ 20 ನಿಮಿಷದಲ್ಲಿ ಕೆಂಪಾಗುತ್ತದೆ. ನಾಟಿ ಕೋಳಿ ಸಿಗುವ ಮನೆಯಲ್ಲಿ ನಾನು ಇದನ್ನೇ ಮಾಡಿ ಎನ್ನುತ್ತೇನೆ; ಒಂದು ಕೋಳಿಯಲ್ಲಿ ಸಾರೂ ಆಯಿತು, ರೋಸ್ಟೂ ಆಯಿತು.

ಕರೆಂಟ್ ಕೈಕೊಟ್ಟರೆ

ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬೀಳುವುದು ಮಾಮೂಲು. ಓಟಿಜಿಗೆ ಬೇಕಾದ ಒಂದೂವರೆ–ಎರಡು ಸಾವಿರ ವ್ಯಾಟ್ ಮನೆಯ ಸಾಧಾರಣ ಇನ್ವರ್ಟರ್‌ನಿಂದ ಬಾರದು. ವೋಲ್ಟೇಜ್ ಇಳಿದರೂ ತೊಂದರೆಯೇ: 230 ಇರಬೇಕಾದಲ್ಲಿ 180 ಬಂದರೆ ಕಾಯಿಲ್ ಕೊಡುವ ಶಾಖ ಶೇ 60ರ ಸುಮಾರಿಗೆ ಕುಸಿಯುತ್ತದೆ. ಅಂಥ ಸಂಜೆ ಓವನ್ ಕಾಯಿಸಲು 20 ನಿಮಿಷದ ಬದಲು 40 ನಿಮಿಷ ಇಟ್ಟುಕೊಳ್ಳಿ.

ನಡುವೆ ಕರೆಂಟ್ ಹೋದರೆ ಹತ್ತು ನಿಮಿಷ ಬಾಗಿಲು ತೆರೆಯಬೇಡಿ. ಬರದಿದ್ದರೆ ಕೋಳಿಯನ್ನು ಕೀಲುಗಳಲ್ಲಿ ಕತ್ತರಿಸಿ, ದಪ್ಪ ತಳದ ಪಾತ್ರೆಯಲ್ಲಿ ಟ್ರೇಯ ರಸದೊಂದಿಗೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಅರೆಬೆಂದ ಮಾಂಸವನ್ನು ಕರೆಂಟ್ ಬರಲಿ ಎಂದು ಗಂಟೆಗಟ್ಟಲೆ ಬೆಚ್ಚಗೆ ಬಿಡುವುದು ಅಪಾಯ. ಆಲೂಗಡ್ಡೆ ಹೇಗೂ ಅರೆಬೆಂದಿರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬಡಿಸುವ ಕಾಲು ಗಂಟೆ ಮುಂಚೆ ಹುರಿದುಕೊಳ್ಳಿ.